ಜೀಪಿಗೆ ದೊಡ್ಡ ಟೈರು ಹಾಕಿದ ಮೇಲೆ

ಅಪ್ಪನ ಸಮಾಧಿಗೆ ಹಾಲು ಬಿಟ್ಟು ಬಂದ ದಿನವೇ ಮಧ್ಯಾಹ್ನ ನಾನು ಜೀಪಿನ ಕೆಳಗೆ ಮಲಗಿದ್ದೆ. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮಲ್ಲಿ ಸತ್ತರೆ ಸೂತಕ ಹಿಡಿದು ಕೂರುವ ಪದ್ಧತಿ ಇಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಹೇಳಿ ಜಂಗಮರು ಹಣೆಗೆ ವಿಭೂತಿ ಹಚ್ಚಿ ಕಳಿಸಿದರು. ಮನೆಗೆ ಬಂದೆವು, ಅಮ್ಮ ಒಲೆ ಹಚ್ಚಿದಳು, ಊಟ ಮಾಡಿದೆವು. ಊಟ ಆದ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೊರಗೆ ಬಂದೆ. ಹೊರಗೆ ಜೀಪು ನಿಂತಿತ್ತು.

ಕಾಂಪೌಂಡು ಗೋಡೆಯ ಆಚೆಯಿಂದ ಪಕ್ಕದ ಮನೆಯವರು ಇಣುಕಿದರು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸದವರು. ಸೇಲಂ ಕಡೆಯಿಂದ ಬಂದು ನಮ್ಮ ಜನ್ನಾಪುರದಲ್ಲೇ ಮನೆ ಮಾಡಿದ್ದರು. ನಾನು ಅವರನ್ನು ಅಣ್ಣಾಚಿ ಎಂದು ಕರೆಯುತ್ತಿದ್ದೆ.

“ಎನ್ನ ತಂಬಿ, ಇವತ್ತೇ ಸ್ಪ್ಯಾನರ್ ಹಿಡ್ಕೊಂಡ್ಯಾ? ನಮ್ ಕಡೆ ಹದಿನಾರು ದಿನ ಮಗ ಹೊಸಿಲು ದಾಟಲ್ಲ.”

“ನಮ್ಮಲ್ಲಿ ಅದೆಲ್ಲ ಇಲ್ಲ ಅಣ್ಣಾಚಿ.”

“ಅಳೋದಾದ್ರೂ ಇದ್ಯಾ?”

“ಅದಕ್ಕೇನು ಅಡ್ಡಿಯಿಲ್ಲ.”

“ಸರಿ ಹಂಗಾದ್ರೆ. ಜಾಕಿ ಓರೆ ನಿಂತಿದೆ, ನೋಡ್ಕೋ. ಒಂದೇ ವಾರದಲ್ಲಿ ಈ ಬೀದಿಗೆ ಎರಡು ಹೆಣ ಬೇಡ.”

ಜಾಕಿ ನಿಜಕ್ಕೂ ಓರೆಯಾಗಿತ್ತು. ಸರಿ ಮಾಡಿಕೊಂಡೆ. ಅಳು ಬರಲಿಲ್ಲ. ಆ ದಿನವೂ ಬರಲಿಲ್ಲ, ಮುಂದೆಯೂ ಬಹಳ ಕಾಲ ಬರಲಿಲ್ಲ. ಅದು ಧೈರ್ಯವೂ ಅಲ್ಲ, ಕಲ್ಲು ಮನಸ್ಸೂ ಅಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದಾಗ ಪಾದ ನೆಲದ ಮೇಲೆ ಇದ್ದರೂ ಇದೆ ಎಂದು ತಿಳಿಯುವುದಿಲ್ಲವಲ್ಲ, ಹಾಗೆ.

ಜೀಪಿನ ವಿಷಯ ಹೇಳುತ್ತೇನೆ. ಅದು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಮಾಲು. ಯಾರು ಯಾರದೋ ಕೈ ದಾಟಿ ಅಪ್ಪನ ಕೈಗೆ ಬಂದಿತ್ತು. ಅಪ್ಪ ಅದನ್ನು ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ ಬಾಡಿಗೆಗೆ ಓಡಿಸುತ್ತಿದ್ದ. ಬಸ್ಸು ತಪ್ಪಿದವರು, ಹೆರಿಗೆಗೆ ಹೊರಟವರು, ಕೋರ್ಟಿಗೆ ಹೊರಟವರು ಎಲ್ಲರೂ ಹತ್ತುತ್ತಿದ್ದರು. ನಾನು ಶಾಲೆ ಮುಗಿಸಿದ ಮೇಲೆ ಅದರ ಹೊಟ್ಟೆಯೊಳಗೇ ಬೆಳೆದೆ ಎನ್ನಬೇಕು. ಯಾರೂ ಕಲಿಸಲಿಲ್ಲ. ಬಿಚ್ಚುತ್ತಿದ್ದೆ, ನೋಡುತ್ತಿದ್ದೆ, ಜೋಡಿಸುತ್ತಿದ್ದೆ. ಕೊನೆಯಲ್ಲಿ ಒಂದು ನಟ್ಟು ಉಳಿದರೆ ಮತ್ತೆ ಬಿಚ್ಚುತ್ತಿದ್ದೆ. ಅಪ್ಪ ಕಟ್ಟೆಯ ಮೇಲೆ ಬೀಡಿ ಸೇದುತ್ತಾ “ಆಯ್ತಾ?” ಎಂದು ಕೇಳುತ್ತಿದ್ದ, ಅಷ್ಟೇ. ಒಂದು ರಾತ್ರಿ ಊಟ ಮಾಡಿ ಮಲಗಿದವನು ಏಳಲಿಲ್ಲ. ಎದೆನೋವು ಎಂದು ಡಾಕ್ಟರು ಹೇಳಿದರು. ಅವನು ನಮಗೇನೂ ಹೇಳಿರಲಿಲ್ಲ.

ಸಾಯುವ ಮುಂಚೆ ಅವನು ಒಂದು ಕೆಲಸ ಮಾತಾಡಿಟ್ಟಿದ್ದ. ಶಿವಮೊಗ್ಗದಲ್ಲಿ ಒಬ್ಬ ಇಂಜಿನಿಯರು ಕಾಡಿನೊಳಗೆ ಹೊಸ ರಸ್ತೆಗೆ ಅಳತೆ ಮಾಡಲು ಹೊರಟಿದ್ದರು. ಅವರಿಗೆ ವರ್ಷಗಟ್ಟಲೆ ಜೊತೆಗಿರುವ ಒಂದು ಜೀಪು ಬೇಕಿತ್ತು. ಅವರ ಷರತ್ತು ಎರಡು. ಕೆಸರಿನಲ್ಲಿ ಹೂತುಹೋಗಬಾರದು, ಅದಕ್ಕೆ ದೊಡ್ಡ ಟೈರು ಹಾಕಿಸಬೇಕು. ಮತ್ತೆ, ಅಳತೆಯ ಯಂತ್ರ ಜೀಪಿನಲ್ಲೇ ಓಡಾಡುವುದರಿಂದ ಜೀಪು ನಡುಗಬಾರದು. ಆ ಯಂತ್ರವೆಂದರೆ ಮೂರು ಕಾಲಿನ ಮೇಲೆ ನಿಲ್ಲಿಸಿ ಕಣ್ಣಿಟ್ಟು ನೋಡುವ ದುರ್ಬೀನಿನಂಥದು. ನಡುಕಕ್ಕೆ ಒಳಗಿನ ಸಣ್ಣ ಸ್ಕ್ರೂಗಳು ಸಡಿಲವಾದರೆ ಅಳತೆಯೆಲ್ಲ ಸುಳ್ಳಾಗುತ್ತದೆಯಂತೆ. ಅಪ್ಪ ಒಪ್ಪಿ ಬಂದು ದೊಡ್ಡ ಟೈರುಗಳನ್ನು ತಂದು ಹಿತ್ತಲಲ್ಲಿ ಗೋಣಿ ಮುಚ್ಚಿ ಇಟ್ಟಿದ್ದ. ಅವನ್ನೇ ನಾನು ಆ ಮಧ್ಯಾಹ್ನ ಹಾಕಲು ಹೊರಟಿದ್ದು.

ಏಕೆ ಅವಸರವೆಂದರೆ, ಮಾವ ಮಣ್ಣು ಮಾಡಿ ಬಂದ ದಿನವೇ ಮಾತು ತೆಗೆದಿದ್ದ. ಮಾವ ಅಮ್ಮನ ತಮ್ಮ. ಓಲ್ಡ್ ಟೌನಿನಲ್ಲಿ ದಿನಸಿ ಅಂಗಡಿ. ಒಳ್ಳೆಯವನು, ಆದರೆ ಗಾಲಿಯ ಮೇಲೆ ಓಡುವ ಯಾವುದನ್ನೂ ನಂಬುವವನಲ್ಲ. ಅವನ ಲೆಕ್ಕದಲ್ಲಿ ವ್ಯಾಪಾರವೆಂದರೆ ಒಂದು ಕಡೆ ಕೂರುವುದು.

“ಜೀಪು ಮಾರಿಬಿಡೋಣ ಕಣೋ. ಕೇಳೋರು ಇದಾರೆ, ಮರದ ಡಿಪೋದೋರು. ನೀನು ಅಂಗಡಿಗೆ ಬಾ. ತಕ್ಕಡಿ ಹಿಡಿಯೋಕೆ ಲೈಸೆನ್ಸ್ ಬೇಡ.”

“ಅಪ್ಪ ಮಾತಾಡಿರೋ ಕೆಲಸ ಇದೆ ಮಾವ.”

“ಮಾತಾಡಿದೋರು ಹೋದ್ರಲ್ಲೋ.”

“ಇಂಜಿನಿಯರು ಇದಾರಲ್ಲ. ತಿಂಗಳ ಕೊನೇಲಿ ಬಂದು ನೋಡ್ತಾರೆ. ಅವರು ಬೇಡ ಅಂದ್ರೆ ಮಾರು.”

ಮಾವ ಅಮ್ಮನ ಮುಖ ನೋಡಿದ. ಅಮ್ಮ ಗೋಡೆ ನೋಡುತ್ತಿದ್ದಳು. “ಆಯ್ತು ಮಾರಾಯ, ತಿಂಗಳ ಕೊನೆಗಂಟ ಇರ್ಲಿ,” ಎಂದು ಎದ್ದು ಹೋದ.

ಹೀಗಾಗಿ ನನಗೆ ಬೇಕಿದ್ದುದು ಒಂದೇ. ಇಂಜಿನಿಯರು ಬಂದ ದಿನ ಜೀಪು ನಡುಗದೆ ಓಡಬೇಕು. ಓಡಿದರೆ ಜೀಪು ನಮ್ಮದು, ಇಲ್ಲದಿದ್ದರೆ ಮರದ ಡಿಪೋದವರದು, ನಾನು ತಕ್ಕಡಿಗೆ.

ದೊಡ್ಡ ಟೈರು ಹಾಕುವುದು ಹೇಳುವಷ್ಟು ಸುಲಭವಲ್ಲ. ಹಾಕಿದೊಡನೆ ಮುಂದಿನವು ಮಡ್‌ಗಾರ್ಡಿಗೆ ಉಜ್ಜಿದವು. ಅಲ್ಲಿ ತಗಡು ಸ್ವಲ್ಪ ಕತ್ತರಿಸಿ ಸರಿ ಮಾಡಿದೆ. ಹಿಂದೆ ಹಾಗೆ ಕತ್ತರಿಸುವಂತಿರಲಿಲ್ಲ, ಅಲ್ಲಿ ಟೈರಿನ ಮೇಲೇ ಸೀಟು. ಜನ ಕೂತರೆ ಬಾಡಿ ಕೆಳಗಿಳಿದು ಟೈರಿಗೆ ತಗಲುತ್ತಿತ್ತು. ಅದಕ್ಕೆ ಹಿಂಭಾಗವನ್ನೇ ಎತ್ತರಿಸಿದೆ. ಬಾಡಿಯ ಭಾರ ಹೊರುವ ಕಮಾನು ಪಟ್ಟಿಯ ಹಿಂದಿನ ತುದಿಯನ್ನು ಕೆಳಗಿನ ಚೌಕಟ್ಟಾದ ಚಾಸಿಗೆ ತೂಗುಹಾಕುವ ಒಂದು ಜೊತೆ ಕಬ್ಬಿಣದ ಕೊಂಡಿ ಇರುತ್ತದೆ, ಶ್ಯಾಕಲ್ ಎನ್ನುತ್ತಾರೆ. ಗಿಡ್ಡ ಶ್ಯಾಕಲ್ ತೆಗೆದು ಉದ್ದನೆಯದು ಹಾಕಿದರೆ ಹಿಂಭಾಗ ಮೇಲೇಳುತ್ತದೆ. ಅಣ್ಣಾಚಿಯ ಗೆಳೆಯರೊಬ್ಬರು ಉದ್ದನೆಯವನ್ನು ಮಾಡಿಕೊಟ್ಟರು. ಹಾಕಿದೆ. ಜೀಪು ಹುಲ್ಲು ಮೇಯುವ ಹಸುವಿನ ಹಾಗೆ ತಲೆ ತಗ್ಗಿಸಿ ಹಿಂದೆ ಎತ್ತಿಕೊಂಡು ನಿಂತಿತು. ನೋಡಲು ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಅಪ್ಪನಿಗೆ ಹೇಳಲು ಕಟ್ಟೆಯ ಕಡೆ ತಿರುಗಿದೆ. ಆಮೇಲೆ ಪಾನಾ ಎಲ್ಲ ಒರೆಸಿ ಡಬ್ಬಿಗೆ ಹಾಕಿದೆ.

ಮಾರನೆಯ ಬೆಳಿಗ್ಗೆ ಶಿವಮೊಗ್ಗದ ರಸ್ತೆಗೆ ಬಿಟ್ಟೆ. ಊರೊಳಗೆ ಏನೂ ಇಲ್ಲ. ಊರು ದಾಟಿ ಸ್ಪೀಡು ಹೆಚ್ಚಿಸಿದೆ. ಮಾಚೇನಹಳ್ಳಿಯ ಹತ್ತಿರ ಶುರುವಾಯಿತು. ಮೊದಲು ಕಾಲ ಕೆಳಗೆ ಗುಂಯ್ ಎಂದು ಒಂದು ಸದ್ದು, ಜೇನುಗೂಡಿನ ಮೇಲೆ ನಿಂತ ಹಾಗೆ. ಇನ್ನೂ ಸ್ವಲ್ಪ ಒತ್ತಿದರೆ ಸೀಟು ನಡುಗಿತು, ಗೇರಿನ ಕೋಲು ನಡುಗಿತು, ಹಿಂದಿನ ಬಾಗಿಲಿನ ಸರಪಳಿ ಗೆಜ್ಜೆ ಕಟ್ಟಿತು. ಸ್ಪೀಡೋಮೀಟರು ಯಾವತ್ತೋ ಸತ್ತಿತ್ತು, ಇಂಜಿನ್ನಿನ ಸದ್ದಿನಿಂದಲೇ ಲೆಕ್ಕ. ಸ್ಪೀಡು ಇಳಿಸಿದರೆ ನಡುಕ ನಿಲ್ಲುತ್ತಿತ್ತು. ಅದೇ ಸ್ಪೀಡಿಗೆ ಬಂದರೆ ಮತ್ತೆ ಅದೇ ಗುಂಯ್. ನಿದಿಗೆ ಕೆರೆಯ ಏರಿಯ ಹತ್ತಿರ ನಿಲ್ಲಿಸಿ ಇಳಿದೆ. ಪಾದ ಜೋಮು ಹಿಡಿದಿತ್ತು.

ಒಂದು ವಿಷಯ ಗಮನಿಸಿದ್ದೆ. ಸ್ಟೇರಿಂಗ್ ನಡುಗುತ್ತಿರಲಿಲ್ಲ. ಮುಂದಿನ ಚಕ್ರದಲ್ಲಿ ದೋಷವಿದ್ದರೆ ಮೊದಲು ಕೈಗೆ ಗೊತ್ತಾಗುತ್ತದೆ. ಇದು ಗೊತ್ತಾಗುತ್ತಿದ್ದುದು ಕಾಲಿಗೆ ಮತ್ತು ಸೀಟಿಗೆ. ಅಂದರೆ ದೋಷ ಹಿಂದೆ. ಇಷ್ಟು ಕಂಡುಕೊಂಡಾಗ ಖುಷಿಯಾಗಬೇಕಿತ್ತು. ಲೆಕ್ಕ ಸರಿಯಾಗಿದೆ ಎಂದು ಮಾತ್ರ ಅನಿಸಿತು.

ಸುದ್ದಿ ಕೇಳಿ ಮಾವ ಬಂದು ಟೈರನ್ನು ಚಪ್ಪಲಿಯಿಂದ ಒದ್ದು ನೋಡಿದ.

“ಇದೇ ಶನಿ. ಮಿಲಿಟರಿ ಮಾಲು, ಎಲ್ಲೆಲ್ಲಿ ಏನೇನು ತುಳ್ಕೊಂಡು ಬಂದಿದ್ಯೋ. ಈ ಟೈರು ಮನೆಗೆ ಬಂದ ಮೇಲೇ ಭಾವ ಹೋಗಿದ್ದು.”

“ಟೈರಿಗೂ ಎದೆನೋವಿಗೂ ಏನು ಸಂಬಂಧ ಮಾವ?”

“ನಂಗೇನು ಗೊತ್ತು? ನೀನೇ ಅಲ್ವೇನೋ ಮೆಕ್ಯಾನಿಕ್ಕು.”

ಟೈರಿನ ಮೇಲೆ ನನಗೂ ಅನುಮಾನವಿತ್ತು, ಶನಿಯ ಅನುಮಾನವಲ್ಲ. ಹಳೆಯ ಟೈರು ಒಂದು ಕಡೆ ಸವೆದು ಅಂಡಾಕಾರವಾಗಿದ್ದರೆ ನಡುಗುತ್ತದೆ. ಅಪ್ಪ ಟೈರು ತಂದಿದ್ದ ಸಾಹೇಬರ ಅಂಗಡಿ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿತ್ತು. ಅಲ್ಲಿಗೆ ಹೋದೆ. ಸಾಹೇಬರು ಅಪ್ಪ ಹೋದ ಸುದ್ದಿ ಕೇಳಿ ಸ್ವಲ್ಪ ಹೊತ್ತು ಟೋಪಿ ತೆಗೆದು ಹಾಕಿ ಮಾಡಿದರು. ಚಹಾ ತರಿಸಿದರು. ಆಮೇಲೆ ಒಂದೊಂದೇ ಚಕ್ರವನ್ನು ಜಾಕಿಯ ಮೇಲೆ ಎತ್ತಿಸಿ, ಪಕ್ಕದಲ್ಲಿ ಒಂದು ಸೀಮೆಸುಣ್ಣವನ್ನು ಅಲುಗದಂತೆ ಹಿಡಿದು ತಿರುಗಿಸಿದರು. ಸುಣ್ಣದ ಗೆರೆ ಸುತ್ತಲೂ ಒಂದೇ ಸಮ ಬಂತು.

“ಗೋಲಾಗಿದೆ ಬೇಟಾ. ಚಂದ್ರನ್ ಥರ. ನನ್ ಮಾಲಲ್ಲಿ ಖೋಟ್ ಇಲ್ಲ. ಅನುಮಾನ ಇದ್ರೆ ಹಳೇದು ಹಾಕಿ ಓಡ್ಸು, ಅದೂ ನಡುಗಿದ್ರೆ ಬಂದು ನಂಗೆ ಸಲಾಂ ಹೊಡಿ.”

ಒಳ್ಳೆಯ ಮಾತು. ಮನೆಗೆ ಬಂದು ದೊಡ್ಡವನ್ನು ಬಿಚ್ಚಿ ಹಳೆಯ ಸಣ್ಣ ಟೈರುಗಳನ್ನೇ ಹಾಕಿದೆ. ಉಳಿದದ್ದು ಯಾವುದನ್ನೂ ಮುಟ್ಟಲಿಲ್ಲ. ರಸ್ತೆಗೆ ಬಿಟ್ಟೆ. ಅದೇ ಗುಂಯ್, ಅದೇ ನಡುಕ. ಟೈರು ಬದಲಾದ ಮೇಲೂ ದೋಷ ಇದ್ದಲ್ಲೇ ಇದೆ ಎಂದ ಮೇಲೆ ದೋಷ ಟೈರಿನದಲ್ಲ. ಇದನ್ನು ಮಾವನಿಗೆ ಹೇಳಿದರೆ “ಶನಿ ಒಂದ್ಸಲ ಹತ್ತಿದ್ರೆ ಅಷ್ಟು ಬೇಗ ಇಳಿಯುತ್ತಾ?” ಎಂದ. ನಾನು ದೊಡ್ಡವನ್ನು ಮತ್ತೆ ಹಾಕಿದೆ. ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ತೋಳು ಬಿದ್ದುಹೋಗಿತ್ತು. ನೋವಾದರೂ ಆಗುತ್ತಿದೆಯಲ್ಲ ಎಂದು ಅದನ್ನೇ ಗಮನಿಸುತ್ತಿದ್ದೆ.

ಹಿಂದಿನ ಚಕ್ರದ ಬೇರಿಂಗ್ ನೋಡಿದೆ, ಸರಿಯಿತ್ತು. ನಟ್ಟು ಬಿಗಿ ನೋಡಿದೆ. ಪ್ರೊಪೆಲ್ಲರ್ ಶಾಫ್ಟು ನೋಡಿದೆ. ಅದು ಗೇರ್‌ಬಾಕ್ಸಿನಿಂದ ಹಿಂದಿನ ಎರಡು ಚಕ್ರ ಕೂಡಿಸುವ ಆಕ್ಸೆಲ್ಲಿಗೆ ಇಂಜಿನ್ನಿನ ಬಲ ಒಯ್ಯುವ ಉದ್ದನೆಯ ಕೊಳವೆ. ಬಾಗಿರಲಿಲ್ಲ. ಎರಡೂ ತುದಿಯ ಕೀಲುಗಳನ್ನು ಬಿಚ್ಚಿ ಗ್ರೀಸು ತುಂಬಿದೆ. ಆ ಕೀಲಿಗೆ ಕ್ರಾಸು ಎನ್ನುತ್ತಾರೆ, ಶಾಫ್ಟು ಓರೆಯಾಗಿದ್ದರೂ ತಿರುಗಲು ಬಿಡುವ ಮೊಣಕೈ ಅದು. ಅವೂ ಸರಿಯಿದ್ದವು. ಎಲ್ಲವೂ ಸರಿಯಿದ್ದು ಜೀಪು ಮಾತ್ರ ನಡುಗುತ್ತಿತ್ತು.

ಆಗ ಅಣ್ಣಾಚಿ ಗೋಡೆಯ ಮೇಲೆ ಮೊಣಕೈ ಊರಿ ಭದ್ರಾವತಿಯ ಮದ್ದು ಹೇಳಿದರು.

“ತಂಬಿ, ನಮ್ ಶಾಪಲ್ಲಿ ಒಂದು ಮೆಷೀನ್ ಕುಣಿದ್ರೆ ಏನ್ ಮಾಡ್ತೀವಿ? ಕೆಳಗೆ ಭಾರ ಹಾಕ್ತೀವಿ. ಭಾರ ಇದ್ರೆ ಯಾರೂ ಕುಣಿಯಲ್ಲ. ಮನುಷ್ಯನೂ ಅಷ್ಟೇ, ಮೆಷೀನೂ ಅಷ್ಟೇ. ಹಿಂದೆ ಕಬ್ಬಿಣ ತುಂಬು.”

ನಮ್ಮೂರಲ್ಲಿ ಎಲ್ಲದಕ್ಕೂ ಕಬ್ಬಿಣವೇ. ಬಾಗಿಲು ಗಾಳಿಗೆ ಬಡಿದುಕೊಂಡರೆ ಒಂದು ಕಬ್ಬಿಣದ ಗಟ್ಟಿ, ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ ಒಂದು ಗಟ್ಟಿ, ಬಟ್ಟೆ ಹಾರದಂತೆ ಒಂದು ಗಟ್ಟಿ. ಬೇರೆ ಊರಿನವರು ಕಲ್ಲು ಇಡುವ ಕಡೆ ನಾವು ಕಬ್ಬಿಣ ಇಡುತ್ತೇವೆ. ಹಾಗಾಗಿ ಆ ಮಾತು ಅಲ್ಲಿ ನಿಂತಿದ್ದ ಯಾರಿಗೂ ವಿಚಿತ್ರ ಎನಿಸಲಿಲ್ಲ, ನನಗೂ ಎನಿಸಲಿಲ್ಲ. ಓಲ್ಡ್ ಟೌನಿನ ಗುಜರಿ ಅಂಗಡಿಯಿಂದ ಒಡೆದ ಕಬ್ಬಿಣದ ಒರಳು, ಹಳೆಯ ತೂಕದ ಕಲ್ಲು, ಮುರಿದ ಹಲ್ಲುಚಕ್ರ, ಏನೇನೋ ಎರವಲು ತಂದು ಹಿಂದೆ ಪೇರಿಸಿದೆವು. ಅಣ್ಣಾಚಿ ಪಕ್ಕದಲ್ಲಿ ಕೂತರು. ರಸ್ತೆಗೆ ಬಿಟ್ಟೆ.

ನಡುಕ ಹೋಗಿತ್ತು. ಪೂರ್ತಿ ಹೋಗಿತ್ತು ಎನ್ನುವಂತಿಲ್ಲ, ಆ ಸ್ಪೀಡಿಗೆ ಬಂದಾಗ ಒಂದು ಸಣ್ಣ ಗುನುಗು ಇತ್ತು, ಅಷ್ಟೇ. ಅಣ್ಣಾಚಿ ತೊಡೆ ತಟ್ಟಿಕೊಂಡರು.

“ಪಾತ್ತಿಯಾ! ನಾನು ಹೇಳಿಲ್ವಾ?”

“ಇಂಜಿನಿಯರು ಹಿಂದೆ ಇಷ್ಟು ಕಬ್ಬಿಣ ನೋಡಿದ್ರೆ ಏನಂತಾರೆ?”

“ಭದ್ರಾವತಿ ಜೀಪು ಅಂತಾರೆ.”

ಮನೆಯ ಮುಂದೆ ಬಂದಾಗ ಮಾವನೂ ಬಂದಿದ್ದ. ಓಡಿಸಿ ತೋರಿಸಿದೆ. ಅವನೂ ಒಪ್ಪಿದ. ಕಬ್ಬಿಣ ಇಟ್ಟಿದ್ದಕ್ಕೆ ಶನಿ ಸಮಾಧಾನವಾಗಿರಬೇಕು, ಶನಿಗೆ ಕಬ್ಬಿಣವೇ ಪ್ರೀತಿ ಎಂದ. ಅಣ್ಣಾಚಿಗೂ ಮಾವನಿಗೂ ಜೀವನದಲ್ಲಿ ಮೊದಲ ಸಲ ಒಂದು ವಿಷಯದಲ್ಲಿ ಒಮ್ಮತ ಬಂತು. ಅಮ್ಮ ಇಬ್ಬರಿಗೂ ಕಾಫಿ ತಂದು ಕೊಟ್ಟಳು.

ಆದರೆ ಅಷ್ಟು ಭಾರ ಹೊತ್ತ ಜೀಪು ಕಾಡಿನ ಕೆಸರಿಗೆ ಇಳಿದರೆ ಅಲ್ಲೇ ಮನೆ ಕಟ್ಟಬೇಕು. ಟೈರು ದೊಡ್ಡದು ಹಾಕಿದ್ದೇ ಹೂತುಹೋಗದಿರಲಿ ಎಂದು. ಇವರಿಬ್ಬರೂ ಕಾಫಿ ಕುಡಿಯುತ್ತಿದ್ದಾಗ ನಾನು ಅದನ್ನೇ ಯೋಚಿಸುತ್ತಿದ್ದೆ. ಇನ್ನೊಂದು ಯೋಚನೆ ಅದರ ಬೆನ್ನಿಗೇ ಬಂತು. ಭಾರದಿಂದಲೇ ನಡುಕ ನಿಲ್ಲುವುದಾದರೆ ಭಾರ ಎಲ್ಲಿಟ್ಟರೂ ನಿಲ್ಲಬೇಕಲ್ಲ?

ಕಾಫಿ ಲೋಟ ಕೆಳಗಿಡುವ ಮುಂಚೆಯೇ ಹೋಗಿ ಕಬ್ಬಿಣವನ್ನೆಲ್ಲ ಮುಂದಕ್ಕೆ ಸಾಗಿಸತೊಡಗಿದೆ. ಅರ್ಧ ಮುಂದಿನ ಸೀಟಿನ ಕಾಲಡಿ, ಅರ್ಧ ಮುಂದಿನ ಬಂಪರಿನ ಮೇಲೆ ಹಗ್ಗ ಹಾಕಿ ಕಟ್ಟಿದೆ.

“ಈಗ ತಾನೇ ಸರಿಯಾಗಿದ್ದನ್ನ ಯಾಕೋ ಕೆಡಿಸ್ತೀಯ?” ಮಾವ ಕೂಗಿದ.

“ಬಂದೆ ಇರು ಮಾವ.”

ಅದೇ ಕಬ್ಬಿಣ, ಅದೇ ತೂಕ, ಅದೇ ರಸ್ತೆ. ಜೀಪು ಮೊದಲಿನ ಹಾಗೇ ನಡುಗಿತು. ಕಾಲಡಿಯ ಹಲ್ಲುಚಕ್ರ ನೆಲಕ್ಕೆ ಬಡಿದುಕೊಂಡು ಕುಣಿಯಿತು. ಅಂದರೆ ಭಾರ ಮದ್ದಲ್ಲ. ಭಾರ ಹಿಂದೆ ಇದ್ದಾಗ ಹಿಂಭಾಗ ಕೆಳಗಿಳಿಯುತ್ತಿತ್ತು, ಆ ಇಳಿಯುವುದೇ ಮದ್ದು. ಹಿಂಭಾಗವನ್ನು ಎತ್ತರಿಸಿದ್ದು ಯಾರು? ನಾನೇ, ಉದ್ದನೆಯ ಶ್ಯಾಕಲ್ ಹಾಕಿ. ಟೈರು ಹಾಕಿದ ದಿನವೇ ಶ್ಯಾಕಲನ್ನೂ ಹಾಕಿದ್ದರಿಂದ ಎಲ್ಲರೂ ಟೈರನ್ನು ಬೈದರು. ಕಣ್ಣಿಗೆ ಬೀಳುತ್ತಿದ್ದುದು ಅದೇ ಅಲ್ಲವೇ.

ಮರುದಿನ ಮನೆಯೆದುರು ಸಮತಟ್ಟು ಜಾಗದಲ್ಲಿ ಜೀಪು ನಿಲ್ಲಿಸಿ, ಗಾರೆಯವರ ತೂಗುಗುಂಡು ಒಂದು ಎರವಲು ತಂದು, ನನ್ನ ಶಾಲೆಯ ಡಬ್ಬಿಯಲ್ಲಿದ್ದ ಕೋನಮಾಪಕ ಹಿಡಿದು ಕೆಳಗೆ ಹೋದೆ. ಶಾಫ್ಟಿನ ಎರಡು ತುದಿಗೂ ಒಂದೊಂದು ದುಂಡನೆಯ ತಟ್ಟೆಯಿದೆ, ಒಂದು ಗೇರ್‌ಬಾಕ್ಸಿನದು, ಇನ್ನೊಂದು ಆಕ್ಸೆಲ್ಲಿನದು. ಎರಡೂ ತಟ್ಟೆ ಒಂದೇ ಓರೆಯಲ್ಲಿ ನಿಂತಿರಬೇಕು. ಆಗ ಒಂದು ತುದಿಯ ಕ್ರಾಸು ಮಾಡುವ ಎಳೆದಾಟವನ್ನು ಇನ್ನೊಂದು ತುದಿಯದು ತೀರಿಸಿಬಿಡುತ್ತದೆ. ಇದು ನನಗೆ ಮೊದಲು ಗೊತ್ತಿರಲಿಲ್ಲ. ಕೈಯಲ್ಲಿ ಶಾಫ್ಟು ತಿರುಗಿಸಿ ತಿರುಗಿಸಿ ನೋಡುತ್ತಾ ಮಲಗಿದ್ದಾಗ ತಿಳಿಯಿತು. ದಾರ ಇಳಿಬಿಟ್ಟು ಅಳೆದೆ. ಗೇರ್‌ಬಾಕ್ಸಿನ ತಟ್ಟೆ ಒಂದು ಓರೆ. ಆಕ್ಸೆಲ್ಲಿನ ತಟ್ಟೆ ಮೂಗು ಮೇಲೆತ್ತಿಕೊಂಡು ಬೇರೆಯೇ ಓರೆ. ಶ್ಯಾಕಲ್ ಉದ್ದವಾದಾಗ ಪಟ್ಟಿಯ ಹಿಂದಿನ ತುದಿ ಕೆಳಗೆ ಹೋಗಿ, ಪಟ್ಟಿಯ ಜೊತೆ ಆಕ್ಸೆಲ್ಲೂ ಮಗುಚಿಕೊಂಡಿತ್ತು.

“ಅಣ್ಣಾಚಿ, ಹಿಂದೆ ಹತ್ತಿ ನಿಂತ್ಕೊಳ್ಳಿ.”

“ನಾನೇನು ಕಬ್ಬಿಣವಾ?”

“ಅದಕ್ಕಿಂತ ಭಾರ ಇದೀರ. ಹತ್ತಿ.”

ಅವರು ಬೈಯುತ್ತಾ ಹತ್ತಿದರು. ಶಾಫ್ಟು ಸ್ವಲ್ಪ ನೆಟ್ಟಗಾಯಿತು. ಇಳಿದರು, ಮತ್ತೆ ಓರೆಯಾಯಿತು. ಹತ್ತಿಸಿದೆ, ಇಳಿಸಿದೆ. ಕೊನೆಗೆ “ಡೇಯ್, ನನ್ ಮೊಣಕಾಲಿನ ಕ್ರಾಸು ಹೋಗುತ್ತೆ ಕಣೋ,” ಎಂದು ಮನೆಗೆ ಹೋದರು.

ಶ್ಯಾಕಲ್ ಗಿಡ್ಡ ಮಾಡಿದರೆ ಟೈರು ಉಜ್ಜುತ್ತದೆ. ಹಾಗೇ ಬಿಟ್ಟರೆ ನಡುಗುತ್ತದೆ. ಉಳಿದದ್ದು ಒಂದೇ ದಾರಿ. ಎತ್ತರ ಹಾಗೇ ಇರಲಿ, ಆಕ್ಸೆಲ್ಲಿನ ಮೂಗನ್ನು ಮಾತ್ರ ಕೆಳಗೆ ಬಗ್ಗಿಸಬೇಕು. ಪಟ್ಟಿಗೂ ಆಕ್ಸೆಲ್ಲಿಗೂ ನಡುವೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಿರುವ ಬೆಣೆ ಕೂರಿಸಿದರೆ ಆಗುತ್ತದೆ. ಕೊಡಲಿಯ ಕಾವಿಗೆ ಬೆಣೆ ಹೊಡೆಯುತ್ತೇವಲ್ಲ, ಅಂಥದೇ, ಕಬ್ಬಿಣದ್ದು. ಎಡಕ್ಕೊಂದು, ಬಲಕ್ಕೊಂದು, ಎರಡೂ ಕೂದಲಷ್ಟೂ ಹೆಚ್ಚು ಕಡಿಮೆಯಿಲ್ಲದೆ.

ಅರದಲ್ಲಿ ಉಜ್ಜಲು ಕೂತೆ. ಗುಜರಿಯಿಂದ ತಂದ ದಪ್ಪ ತಗಡಿನ ತುಂಡು, ಅದನ್ನು ಕಚ್ಚಿ ಹಿಡಿಯಲು ಕಟ್ಟೆಗೆ ಬಿಗಿದ ಹಳೆಯ ವೈಸು, ಒಂದು ಅರ. ಬೆಳಿಗ್ಗೆ ಕೂತರೆ ಊಟಕ್ಕೆ ಏಳುವುದು, ಊಟ ಮಾಡಿ ಮತ್ತೆ ಕೂರುವುದು. ಅಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅಪ್ಪ ಹೋದ ಮೇಲೆ ನಾವಿಬ್ಬರೂ ಮಾತಾಡಿದ್ದು ಉಪ್ಪು, ನೀರು, ಬಾಗಿಲು ಇಂಥದೇ. ಜಗಳವೇನೂ ಇರಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರದಂತೆ ಮನೆಯೊಳಗೆ ಓಡಾಡುತ್ತಿದ್ದೆವು.

“ಅದು ಮುಗಿದ್ರೆ ಏನಾಗುತ್ತೋ?” ಎಂದು ಒಂದು ದಿನ ಕೇಳಿದಳು.

“ಜೀಪು ನಡುಗಲ್ಲ.”

“ಆಮೇಲೆ?”

“ಇಂಜಿನಿಯರು ಕೆಲಸಕ್ಕೆ ತಗೋತಾರೆ.”

“ಆಮೇಲೆ?”

“ಆಮೇಲೆ ಏನು? ಜೀಪು ನಮ್ದೇ ಆಗಿ ಉಳಿಯುತ್ತೆ.”

“ನೀನು ಎಲ್ಲಿರ್ತೀಯ?”

“ಅವರು ಎಲ್ಲಿರ್ತಾರೋ ಅಲ್ಲಿ. ಕಾಡಲ್ಲಿ ಟೆಂಟ್ ಹಾಕ್ತಾರಂತೆ.”

ಅಮ್ಮ ಮೊರದಲ್ಲಿದ್ದ ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು. “ಸರಿ,” ಎಂದಳು. ನಾನು ಬೆಣೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದು ಮೂಲೆ ಇನ್ನೂ ಉಬ್ಬಿತ್ತು.

ಬೆಣೆ ಹಾಕಿದ ದಿನ ಒಬ್ಬನೇ ಹೋದೆ. ಹಿಂದೆ ಕಬ್ಬಿಣವಿಲ್ಲ, ಅಣ್ಣಾಚಿಯಿಲ್ಲ. ಮಾಚೇನಹಳ್ಳಿ ಬಂತು, ಸ್ಪೀಡು ಹೆಚ್ಚಿಸಿದೆ, ಆ ಸದ್ದಿನ ಸ್ಪೀಡಿಗೆ ಬಂದೆ, ದಾಟಿದೆ. ಗುಂಯ್ ಇಲ್ಲ. ಹಿಂದಿನ ಸರಪಳಿ ಸುಮ್ಮನೆ ನೇತಾಡುತ್ತಿತ್ತು. ದೊಡ್ಡ ಟೈರಿನ ಗೆರೆಗಳು ಟಾರಿನ ಮೇಲೆ ಮಾಡುವ ಸಣ್ಣ ಸದ್ದು ಬಿಟ್ಟರೆ ಏನೂ ಇರಲಿಲ್ಲ. ತುಂಗಾ ಸೇತುವೆಯವರೆಗೂ ಹೋಗಿ ತಿರುಗಿಸಿಕೊಂಡು ಬಂದೆ. ಬರುವಾಗಲೂ ಇಲ್ಲ. ಇಷ್ಟು ದಿನ ಬೇಕೆಂದಿದ್ದುದು ಇದೇ. ಒಂದು ಸಲ ಕೂಗಿ ನೋಡೋಣ ಎನಿಸಿತು. ಕೂಗಿದೆ. ಹೊಲದಲ್ಲಿದ್ದ ಒಬ್ಬರು ತಲೆಯೆತ್ತಿ ನೋಡಿದರು. ನನಗೇ ಅದು ಬೇರೆ ಯಾರೋ ಕೂಗಿದ ಹಾಗೆ ಕೇಳಿಸಿತು.

ತಿಂಗಳ ಕೊನೆಯಲ್ಲಿ ಇಂಜಿನಿಯರು ಬಂದರು. ಮಾವ ಅಂಗಡಿ ಬಿಟ್ಟು ಬಂದು ಇಸ್ತ್ರಿ ಅಂಗಿ ಹಾಕಿ ನಿಂತಿದ್ದ. ಇಂಜಿನಿಯರು ತೆಳ್ಳಗೆ, ಕಣ್ಣಿನ ಕೆಳಗೆ ಕಪ್ಪು, ಕಾಡು ತಿರುಗಿ ಸುಸ್ತಾದ ಮನುಷ್ಯ. ಯಂತ್ರದ ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದರು.

“ನಿಮ್ಮ ತಂದೆಯವರು ಇಲ್ವಾ?”

“ತೀರಿಕೊಂಡ್ರು ಸಾರ್.”

“ಓಹ್.” ಪೆಟ್ಟಿಗೆಯನ್ನು ಇನ್ನೊಂದು ತೋಳಿಗೆ ಬದಲಿಸಿದರು. “ನೀವು ಓಡಿಸ್ತೀರಾ?”

“ಓಡಿಸ್ತೀನಿ ಸಾರ್. ಲೈಸೆನ್ಸ್ ಇದೆ.”

ಮಾವ ನಡುವೆ ಬಾಯಿ ಹಾಕಿದ. “ಸಾರ್, ಮೊದ್ಲು ತುಂಬಾ ನಡುಗ್ತಿತ್ತು ಸಾರ್, ಈಗ ಹುಡುಗ ಏನೋ ಬೆಣೆ ಹೊಡ್ದಿದಾನೆ.” ನನ್ನ ಪರವಾಗಿ ಹೇಳಿದನೋ ಜೀಪಿನ ವಿರುದ್ಧ ಹೇಳಿದನೋ ಅವನಿಗೇ ಗೊತ್ತಿರಲಿಲ್ಲ. ಇಂಜಿನಿಯರು ಕೆಳಗೆ ಬಗ್ಗಿ ನೋಡಿದರು, ಮುಂದಿನ ಸೀಟಿನಲ್ಲಿ ಕೂತರು. ಪೆಟ್ಟಿಗೆ ತೊಡೆಯ ಮೇಲೆ.

ಹೊರಟೆವು. ಭದ್ರಾ ಸೇತುವೆ ದಾಟಿದೆವು, ಊರು ಬಿಟ್ಟೆವು. ಮಾಚೇನಹಳ್ಳಿಗೆ ಮುಂಚೆ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಿ ಕಾಲ ಬಳಿ ನೆಲದ ಮೇಲಿಟ್ಟು, ಅದರ ಮೇಲೆ ಅಂಗೈ ಇಟ್ಟುಕೊಂಡರು. ನಾನು ಸ್ಪೀಡು ಹೆಚ್ಚಿಸಿ ಬೇಕೆಂದೇ ಮೊದಲು ನಡುಗುತ್ತಿದ್ದ ಸ್ಪೀಡಿಗೆ ತಂದೆ, ಅದರಲ್ಲೇ ಓಡಿಸಿದೆ. ಓರೆಗಣ್ಣಿನಲ್ಲಿ ಅವರ ಅಂಗೈ ನೋಡುತ್ತಿದ್ದೆ. ನಿದಿಗೆ ಕೆರೆ ಹೋಯಿತು. ಅಂಗೈ ಪೆಟ್ಟಿಗೆಯಿಂದ ಜಾರಿತು. ನೋಡಿದರೆ ಇಂಜಿನಿಯರು ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಟೋಪಿ ಕಣ್ಣಿನ ಮೇಲೆ ಬಂದಿತ್ತು.

ತುಂಗಾ ಸೇತುವೆಯ ಹತ್ತಿರ ಎತ್ತಿನಗಾಡಿಗೆ ಬ್ರೇಕು ಹಾಕಿದಾಗ ಎದ್ದರು.

“ಬಂದ್ವಾ?”

“ಬಂದ್ವಿ ಸಾರ್.”

ಮುಖ ಒರೆಸಿಕೊಂಡರು. ಪೆಟ್ಟಿಗೆ ತೆರೆದು ಒಳಗೆ ನೋಡಿ ಮುಚ್ಚಿದರು. “ಸೋಮವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆ ಹತ್ತಿರ ಬನ್ನಿ. ಹಾಸಿಗೆ ಬಟ್ಟೆ ತನ್ನಿ. ಕಾಡಲ್ಲಿ ಚಳಿ ಇರುತ್ತೆ,” ಎಂದರು.

ಅಷ್ಟೇ. ಜೀಪು ಉಳಿಯಿತು.

ಮನೆಗೆ ಬಂದು ಹೇಳಿದಾಗ ಮಾವ ನನ್ನ ಬೆನ್ನು ತಟ್ಟಿದ. ನಿಜವಾಗಿಯೂ ಸಂತೋಷಪಟ್ಟ. ಆಮೇಲೆ ಅಮ್ಮನ ಕಡೆ ತಿರುಗಿ, “ಅಕ್ಕ, ಹಂಗಾದ್ರೆ ನೀನು ನಮ್ಮನೆಗೆ ಬಂದುಬಿಡು. ಒಬ್ಳೇ ಇಲ್ಲಿ ಏನ್ ಮಾಡ್ತೀಯ?” ಎಂದ. ಅದು ಆಗಬೇಕಾದದ್ದೇ. ಅದನ್ನು ನಾನು ಅಲ್ಲಿಯವರೆಗೂ ಯೋಚಿಸಿರಲಿಲ್ಲ. ಅಮ್ಮ ಯೋಚಿಸಿದ್ದಳು. ಒಳಗೆ ಹೋಗಿ ನೋಡಿದರೆ ಪಾತ್ರೆಗಳಲ್ಲಿ ಬೇಕಾದವು, ಬೇಡದವು ಆಗಲೇ ಬೇರೆ ಬೇರೆ ಇದ್ದವು.

ಭಾನುವಾರ ಸಾಮಾನು ಹೇರಿದೆವು. ಎರಡು ಟ್ರಂಕು, ಹಾಸಿಗೆ ಸುರುಳಿ, ಪಾತ್ರೆಯ ಮೂಟೆ, ದೇವರ ಪೆಟ್ಟಿಗೆ. ಬಾಡಿಗೆ ಮನೆ, ಬೀಗದ ಕೈ ಮಾಲೀಕರಿಗೆ ಕೊಟ್ಟೆ. ಅಣ್ಣಾಚಿ ಹಗ್ಗ ಬಿಗಿದು ಕೊಟ್ಟರು.

“ಹೋಗಿ ವಾ ತಂಬಿ. ಕಾಡಲ್ಲಿ ಹುಲಿ ಬಂದ್ರೆ ಹಾರ್ನ್ ಹೊಡಿ.”

“ಹಾರ್ನ್ ಇಲ್ಲ ಅಣ್ಣಾಚಿ, ಕೆಟ್ಟಿದೆ.”

“ಹಂಗಾದ್ರೆ ಹುಲಿನೇ ಅದೃಷ್ಟವಂತ.”

ಅಮ್ಮ ಪಕ್ಕದಲ್ಲಿ ಕೂತು ದೇವರ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡಳು. ಜನ್ನಾಪುರದಿಂದ ಓಲ್ಡ್ ಟೌನಿಗೆ ಎಷ್ಟು ದೂರ, ಸ್ಪೀಡು ಹಿಡಿಯುವ ರಸ್ತೆಯೂ ಅಲ್ಲ. ಸೇತುವೆಯ ಮೇಲೆ ಬಸ್ಸಿನ ಹಿಂದೆ ನಿಂತಾಗ, “ರಗ್ಗು ಟ್ರಂಕಿನ ಅಡೀಲಿದೆ, ಮರೀಬೇಡ,” ಎಂದಳು. ಸರಿ ಎಂದೆ. ಅವಳ ಮುಖ ನೋಡಬೇಕೆಂದುಕೊಂಡೆ, ಬಸ್ಸು ಹೊರಟಿತು.

ಮಾವನ ಮನೆಯ ಓಣಿ ಇಕ್ಕಟ್ಟು. ಸಾಮಾನು ಇಳಿಸಿ ಆಗುವ ಹೊತ್ತಿಗೆ ಅಮ್ಮ ಒಳಗೆ ಹೋಗಿ ಅತ್ತೆಯ ಹತ್ತಿರ ತನ್ನ ಹಂಡೆ ಎಲ್ಲಿಡಲಿ ಎಂದು ಕೇಳುತ್ತಿದ್ದಳು. ಆ ರಾತ್ರಿ ಅಲ್ಲೇ ಮಲಗಿದೆ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟಳು. “ಹೊತ್ತಿಗೆ ಸರಿಯಾಗಿ ಉಣ್ಣು,” ಎಂದಳು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದೆ, ಅವಳು ಹಣೆಗೆ ವಿಭೂತಿ ಇಟ್ಟಳು. ಇಬ್ಬರ ಕೈಗಳೂ ತಣ್ಣಗಿದ್ದವು.

ಮಾವ ಹಿಂದೆ ನಿಂತು ಜೀಪನ್ನು ಓಣಿಯಿಂದ ಹೊರಗೆ ಬಿಡಿಸಿದ. “ಬಾ, ಬಾ, ಬಾ, ಎಡಕ್ಕೆ, ಇನ್ನೂ ಬಾ, ಸಾಕು.” ರಸ್ತೆಗೆ ಬಂದು ಗೇರು ಹಾಕಿದೆ. ಬಾಗಿಲ ಕಡೆ ನೋಡಿದೆ. ಬಾಗಿಲಲ್ಲಿ ಅತ್ತೆ ನಿಂತಿದ್ದಳು, ಅಮ್ಮ ಒಳಗಿದ್ದಳು. ಹೇಳಿದ ಹೊತ್ತಿಗೆ ಸರಿಯಾಗಿ ನಾನು ಶಿವಮೊಗ್ಗದಲ್ಲಿ ಇಂಜಿನಿಯರ ಮನೆಯ ಮುಂದಿದ್ದೆ.